ಡಿಸ್ಕ್ ವಿಭಜನೆ: ಸಿಸ್ಟಂ ಬೇರೆ, ಸ್ವಂತ ಕಡತಗಳು ಬೇರೆ

ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿಯನ್ನು ಭಾಗಗಳಾಗಿ ಗುರುತಿಸಿ, ಒಂದರಲ್ಲಿ ಆಪರೇಟಿಂಗ್ ಸಿಸ್ಟಂ, ಇನ್ನೊಂದರಲ್ಲಿ ಬಳಕೆದಾರರ ಕಡತಗಳನ್ನು ಇಡುವ ಪದ್ಧತಿ. ಇಂಥ ಭಾಗಕ್ಕೆ ಪಾರ್ಟಿಷನ್ ಎಂದು ಹೆಸರು. ವಿಂಡೋಸ್ ಬಳಸುವವರಿಗೆ ಇವು ಸಿ ಡ್ರೈವ್, ಡಿ ಡ್ರೈವ್ ಎಂದೇ ಪರಿಚಿತ. ಸಿಸ್ಟಂ ಕೆಟ್ಟರೆ ಇನ್ನೊಮ್ಮೆ ಹಾಕಿಕೊಳ್ಳಬಹುದು. ಮದುವೆಯ ಫೋಟೊ, ಬರೆದಿಟ್ಟ ಕಾದಂಬರಿ, ಅಂಗಡಿಯ ಲೆಕ್ಕ ಅಳಿದರೆ ಎಲ್ಲಿಂದಲೂ ತರಲಾಗದು. ಎರಡನ್ನೂ ಬೇರೆ ಇಡುವುದಕ್ಕೆ ಇದೇ ಕಾರಣ.

1983ರಲ್ಲಿ ಐಬಿಎಂ ಹೊರತಂದ ಪಿಸಿ ಎಕ್ಸ್‌ಟಿಯಲ್ಲಿ 10 ಎಂಬಿಯ ಹಾರ್ಡ್ ಡಿಸ್ಕ್ ಇತ್ತು. ಅದರ ಜೊತೆಗೆ ಬಂದ ಪಿಸಿ ಡಾಸ್ 2.0 ಎಂಬ ಆಪರೇಟಿಂಗ್ ಸಿಸ್ಟಂ, ಡಿಸ್ಕನ್ನು ನಾಲ್ಕು ಭಾಗ ಮಾಡಲು ಅವಕಾಶ ಕೊಟ್ಟಿತು. ಬೇರೆ ಬೇರೆ ಆಪರೇಟಿಂಗ್ ಸಿಸ್ಟಂಗಳು ಒಂದೇ ಡಿಸ್ಕಿನಲ್ಲಿ ಇರಲಿ ಎಂಬುದು ಅದರ ಉದ್ದೇಶ. ಸ್ವಂತ ಕಡತಗಳ ಯೋಚನೆ ಅದರಲ್ಲಿ ಇರಲಿಲ್ಲ. ಎ, ಬಿ ಅಕ್ಷರಗಳು ಫ್ಲಾಪಿಗಳ ಪಾಲಾಗಿದ್ದವು, ಹಾರ್ಡ್ ಡಿಸ್ಕಿಗೆ ಸಿ ಬಂತು. ಮುಂದೆ ಡಿಸ್ಕ್‌ಗಳು ದೊಡ್ಡವಾದರೂ ಡಾಸ್‌ನ ಒಂದು ಪಾರ್ಟಿಷನ್ 32 ಎಂಬಿ ಮೀರುವಂತಿರಲಿಲ್ಲ. 1987ರ ಡಾಸ್ 3.3 ಉಳಿದ ಜಾಗವನ್ನು ಡಿ, ಇ ಎಂದು ಹಂಚಿಕೊಳ್ಳಲು ದಾರಿ ಮಾಡಿತು. ಮಿತಿಯೊಂದನ್ನು ದಾಟಲು ಹುಟ್ಟಿದ ಈ ಏರ್ಪಾಡು, ಮಿತಿ ಹೋದ ಮೇಲೆ ಕಡತ ಕಾಯುವ ಅಭ್ಯಾಸವಾಗಿ ಉಳಿಯಿತು.

ಪಾರ್ಟಿಷನ್ನುಗಳ ಆರಂಭ, ಅಳತೆ ಮತ್ತು ಬಗೆ ಡಿಸ್ಕಿನಲ್ಲಿರುವ ಒಂದು ಪುಟ್ಟ ಪಟ್ಟಿಯಲ್ಲಿ ದಾಖಲಾಗಿರುತ್ತವೆ. ಹಳೆಯ ಎಂಬಿಆರ್ ಪದ್ಧತಿಯಲ್ಲಿ ಈ ಪಟ್ಟಿ ಡಿಸ್ಕಿನ ಮೊದಲ 512 ಬೈಟುಗಳೊಳಗೆ ಬರೇ 64 ಬೈಟು. ಸಾಮಾನ್ಯ ಡಿಸ್ಕುಗಳಲ್ಲಿ ಅದರ ಲೆಕ್ಕ ಸುಮಾರು 2 ಟಿಬಿಗೆ ನಿಲ್ಲುತ್ತದೆ. ಈಗಿನ ಜಿಪಿಟಿ ಪದ್ಧತಿ ಸಾಮಾನ್ಯವಾಗಿ 128 ಪಾರ್ಟಿಷನ್ನುಗಳಿಗೆ ಜಾಗ ಕೊಡುತ್ತದೆ. ಪಟ್ಟಿಯ ಇನ್ನೊಂದು ಪ್ರತಿಯನ್ನು ಡಿಸ್ಕಿನ ಕೊನೆಯಲ್ಲೂ ಇಡುತ್ತದೆ. ಒಂದು ಪಾರ್ಟಿಷನ್ ಫಾರ್ಮ್ಯಾಟ್ ಮಾಡಿದರೆ ಪಕ್ಕದ್ದಕ್ಕೆ ಏನೂ ಆಗುವುದಿಲ್ಲ. ಇಡೀ ಪದ್ಧತಿಯ ಪ್ರಯೋಜನ ನಿಂತಿರುವುದು ಈ ಒಂದು ಗುಣದ ಮೇಲೆ.

ಲಿನಕ್ಸ್‌ನಲ್ಲಿ ಈ ಕೆಲಸ ಅಚ್ಚುಕಟ್ಟಾಗಿ ನಡೆಯುತ್ತದೆ. ಬಳಕೆದಾರರ ಕಡತಗಳು, ಅವರು ಹೊಂದಿಸಿಕೊಂಡ ಆಯ್ಕೆಗಳು ಎಲ್ಲವೂ ಹೋಮ್ ಎಂಬ ಒಂದೇ ಕೋಶದೊಳಗೆ ಇರುವುದರಿಂದ ಆ ಕೋಶಕ್ಕೇ ಒಂದು ಪಾರ್ಟಿಷನ್ ಕೊಟ್ಟರೆ ಆಯಿತು. ಹೊಸ ಆವೃತ್ತಿ ಹಾಕುವಾಗ ಮೂಲ ಪಾರ್ಟಿಷನ್ ಫಾರ್ಮ್ಯಾಟ್ ಮಾಡಿ, ಹೋಮನ್ನು ಮುಟ್ಟದೆ ಜೋಡಿಸಿದರೆ ಸಾಕು, ಬ್ರೌಸರಿನ ಬುಕ್‌ಮಾರ್ಕುಗಳೂ ಇದ್ದಲ್ಲೇ ಇರುತ್ತವೆ. ಆದರೆ ಲಿನಕ್ಸ್ ಕಡತದ ಒಡೆಯರನ್ನು ಸಂಖ್ಯೆಯಿಂದ ಗುರುತಿಸುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ಮೊದಲ ಬಳಕೆದಾರರಿಗೆ 1000 ಸಿಗುತ್ತದೆ. ಹಲವರು ಬಳಸುವ ಯಂತ್ರದಲ್ಲಿ ಖಾತೆಗಳನ್ನು ಹಿಂದಿನ ಕ್ರಮದಲ್ಲೇ ತೆರೆಯದಿದ್ದರೆ ಒಬ್ಬರ ಕಡತ ಇನ್ನೊಬ್ಬರ ಹೆಸರಿಗೆ ಹೋದೀತು.

ವಿಂಡೋಸ್‌ನಲ್ಲಿ ಎಚ್ಚರ ಹೆಚ್ಚು ಬೇಕು. ಡಿ ಡ್ರೈವ್ ಇದೆ ಎಂಬ ಧೈರ್ಯದಲ್ಲಿ ಸಿ ಫಾರ್ಮ್ಯಾಟ್ ಮಾಡಿಸಿ ಕಡತ ಕಳೆದುಕೊಂಡವರು ಬಹಳ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಫೋಲ್ಡರುಗಳು ತಾವಾಗಿ ಕೂತಿರುವುದು ಸಿ ಡ್ರೈವಿನಲ್ಲೇ. ಪ್ರತಿ ಫೋಲ್ಡರಿನ ಪ್ರಾಪರ್ಟೀಸ್‌ಗೆ ಹೋಗಿ, ಲೊಕೇಶನ್ ಎಂಬಲ್ಲಿ ಡಿ ಡ್ರೈವಿನ ವಿಳಾಸ ಕೊಟ್ಟ ಮೇಲಷ್ಟೇ ವಿಭಜನೆ ಸಾರ್ಥಕ. ಡಿಯಲ್ಲಿ ಹಾಕಿದ ತಂತ್ರಾಂಶಗಳಲ್ಲಿ ಹೆಚ್ಚಿನವು ಸಿಸ್ಟಂ ಬದಲಾದ ಮೇಲೆ ನಡೆಯುವುದಿಲ್ಲ, ಅವುಗಳ ನೋಂದಣಿ ಇದ್ದದ್ದು ಸಿಯಲ್ಲಿ. ಕನ್ನಡದ ಡಿಟಿಪಿ ಕೆಲಸದವರಿಗೆ ಇನ್ನೊಂದು ತೊಡಕಿದೆ. ನುಡಿ, ಬರಹ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡಿದ ಕಡತ ಡಿಯಲ್ಲಿ ಭದ್ರವಾಗಿಯೇ ಇರುತ್ತದೆ, ಆದರೆ ಫಾಂಟು ಸಿಯ ಜೊತೆ ಅಳಿದಿರುವುದರಿಂದ ತೆರೆದಾಗ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳು. ಫಾಂಟನ್ನು ಮತ್ತೆ ಹಾಕಿದರೆ ಕನ್ನಡ ಮರಳುತ್ತದೆ. ಡಿ ಡ್ರೈವಿಗೆ ಬಿಟ್‌ಲಾಕರ್ ಬೀಗ ಹಾಕಿ, ತಾನಾಗಿ ತೆರೆದುಕೊಳ್ಳುವಂತೆ ಮಾಡಿದ್ದರೆ ಅಪಾಯ ದೊಡ್ಡದು: ಆ ಕೀಲಿ ಸಿಯಲ್ಲಿರುತ್ತದೆ. ಅದರ ಪಾಸ್‌ವರ್ಡ್ ಅಥವಾ 48 ಅಂಕಿಗಳ ರಿಕವರಿ ಕೀಯನ್ನು ಮೊದಲೇ ಬೇರೆಡೆ ಬರೆದಿಟ್ಟುಕೊಳ್ಳಬೇಕು.

ವಿಭಜನೆಯನ್ನು ಬ್ಯಾಕಪ್ ಎಂದು ತಿಳಿಯುವುದು ಅತ್ಯಂತ ದುಬಾರಿಯಾಗುವ ತಪ್ಪು ತಿಳಿವಳಿಕೆ. ಹೊಲಕ್ಕೆ ನಡುವೆ ಬದು ಹಾಕಿದರೂ ನೆರೆ ಬಂದಾಗ ಎರಡೂ ಕಡೆ ಮುಳುಗುತ್ತವೆ; ಡಿಸ್ಕ್ ಸತ್ತರೆ, ಲ್ಯಾಪ್‌ಟಾಪ್ ಕಳವಾದರೆ ಸಿ, ಡಿ ಎರಡೂ ಹೋಗುತ್ತವೆ. ಕಡತಗಳನ್ನು ಗೂಢಲಿಪಿಗೆ ತಿರುಗಿಸಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಕೂಡ ಡ್ರೈವ್ ಅಕ್ಷರ ನೋಡಿ ಬಿಡುವುದಿಲ್ಲ. ಹೊರಗಿನ ಡಿಸ್ಕಿನಲ್ಲಿ ಪ್ರತಿ ಇಡಲೇಬೇಕು.

ಅಳತೆ ತಪ್ಪಿದರೂ ಕಷ್ಟ. ಸಿಗೆ ಕಡಿಮೆ ಜಾಗ ಕೊಟ್ಟರೆ ಡಿ ಖಾಲಿ ಬಿದ್ದಿದ್ದರೂ ಅಪ್‌ಡೇಟ್ ನಿಲ್ಲುತ್ತದೆ. ಪಾರ್ಟಿಷನ್ನಿನ ಗಡಿ ಸರಿಸಲು ಜಿಪಾರ್ಟೆಡ್‌ನಂಥ ಸಾಧನಗಳಿವೆ. ಸರಿಸುವ ನಡುವೆ ಕರೆಂಟ್ ಹೋದರೆ ಕಡತಗಳಿಗೆ ಕುತ್ತು. ಈ ತೊಂದರೆಗೆ ಪರಿಹಾರವಾಗಿ, ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸುವ ಹೊಸ ಫೈಲ್ ಸಿಸ್ಟಂಗಳು ಗಡಿಯನ್ನೇ ಸಡಿಲಿಸಿವೆ. 2020ರಲ್ಲಿ ಲಿನಕ್ಸ್‌ನ ಫೆಡೋರಾ 33 ಡೆಸ್ಕ್‌ಟಾಪ್‌ಗಳಿಗೆ ಬಿಟಿಆರ್‌ಎಫ್‌ಎಸ್ ತಂದಿತು, ಅದರಲ್ಲಿ ಸಿಸ್ಟಂ ಮತ್ತು ಹೋಮ್ ಬೇರೆಯಾಗಿದ್ದರೂ ಖಾಲಿ ಜಾಗ ಎರಡಕ್ಕೂ ಒಂದೇ. 2019ರ ಮ್ಯಾಕ್‌ಓಎಸ್ ಕ್ಯಾಟಲಿನಾ ಸಿಸ್ಟಮನ್ನು ಓದಲು ಮಾತ್ರ ಬರುವ ಪ್ರತ್ಯೇಕ ವಾಲ್ಯೂಮಿಗೆ ಸೇರಿಸಿತು. ಅಲ್ಲೂ ಖಾಲಿ ಜಾಗವನ್ನು ವಾಲ್ಯೂಮುಗಳು ಹಂಚಿಕೊಳ್ಳುತ್ತವೆ.

ಆಂಡ್ರಾಯ್ಡ್ ಫೋನುಗಳಲ್ಲಿ ಸಿಸ್ಟಂ ಮತ್ತು ಡೇಟಾ ಪಾರ್ಟಿಷನ್ನುಗಳು ತಯಾರಿಕೆಯಲ್ಲೇ ಬೇರೆಯಾಗಿರುತ್ತವೆ. ಆದರೆ ಸಿ ಡ್ರೈವ್ ಫಾರ್ಮ್ಯಾಟ್ ಮಾಡಿ ಅಭ್ಯಾಸವಾದವರು ಗಮನಿಸಬೇಕಾದ ವ್ಯತ್ಯಾಸ ಇದು: ಫ್ಯಾಕ್ಟರಿ ರೀಸೆಟ್ ಮಾಡಿದಾಗ ಫೋನಿನಲ್ಲಿ ಉಳಿಯುವುದು ಸಿಸ್ಟಂ, ಅಳಿಯುವುದು ಬಳಕೆದಾರರ ಭಾಗ.