ಔಷಧ ಯಾರ ಕೈಯಿಂದ ತಾಯಿಗೆ ತಲುಪುತ್ತದೆ?

ಬಸುರಿಯರ ಮೇಲೆ ಔಷಧ ಪರೀಕ್ಷೆ ಮಾಡಬಾರದು ಎಂಬ ಮಾತಿನಲ್ಲಿ ಕರುಣೆ ಇದೆ. ಥ್ಯಾಲಿಡೊಮೈಡ್ ಮಾತ್ರೆಯಿಂದ ಕೈಕಾಲು ಬೆಳೆಯದ ಸಾವಿರಾರು ಮಕ್ಕಳು ಹುಟ್ಟಿದ್ದು 1961ರಲ್ಲಿ ಬಯಲಾದ ಮೇಲೆ ವೈದ್ಯಲೋಕ ಬಹುಕಾಲ ಈ ಮಾತಿಗೇ ಅಂಟಿಕೊಂಡಿತು. ಆದರೆ ಪರೀಕ್ಷೆಯಿಂದ ಹೊರಗಿಟ್ಟರೆ ಬಸುರಿಗೆ ಬಿಪಿ ಏರುವುದು ನಿಲ್ಲುವುದಿಲ್ಲ, ಔಷಧ ಕೊಡುವುದೂ ತಪ್ಪುವುದಿಲ್ಲ. ಅಂದಾಜಿನ ಮೇಲೆ ಕೊಡುತ್ತಾರೆ, ಅಷ್ಟೇ. ಥ್ಯಾಲಿಡೊಮೈಡ್ ಕೂಡ ಬಸುರಿಯರಲ್ಲಿ ಸರಿಯಾಗಿ ಪರೀಕ್ಷಿಸದೆಯೇ ಮಾರಿದ ಮಾತ್ರೆ. ಬೆಳಗಾವಿ, ಬಾಗಲಕೋಟೆ ಸೀಮೆಯಲ್ಲಿ ಎರಡು ದಶಕಗಳಿಂದ ನಡೆದಿರುವ ಸಂಶೋಧನೆ ಇನ್ನೊಂದು ಮಾತನ್ನೂ ಸೇರಿಸುತ್ತದೆ: ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷಿಸಿದರೆ ಸಾಲದು, ಹುನಗುಂದ, ಇಳಕಲ್ ಕಡೆಯ ಮರೋಳದಂಥ ಊರುಗಳಲ್ಲಿ, ಅಲ್ಲಿ ನಿಜಕ್ಕೂ ಔಷಧ ಕೊಡುವವರ ಕೈಯಿಂದಲೇ ಪರೀಕ್ಷೆಯಾಗಬೇಕು.

ಮೊದಲ ಸಾಕ್ಷ್ಯ ಬೆಳಗಾವಿಯದು. ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಆಸ್ಪತ್ರೆಗಳಲ್ಲಿ ಆಕ್ಸಿಟೋಸಿನ್ ಇಂಜೆಕ್ಷನ್ ಇತ್ತು. ಅದಕ್ಕೆ ಫ್ರಿಜ್ ಬೇಕು, ಸಿರಿಂಜ್ ಬೇಕು, ಚುಚ್ಚಬಲ್ಲವರು ಬೇಕು. ಮನೆಯಲ್ಲೋ ಉಪಕೇಂದ್ರದಲ್ಲೋ ಹೆರಿಗೆಯಾದಾಗ ಇರುತ್ತಿದ್ದವರು ಎಎನ್‌ಎಂ ಸಿಸ್ಟರ್ ಒಬ್ಬರೇ. ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಡಾ. ಭಾಲಚಂದ್ರ ಕೊಡ್ಕಣಿ, ಡಾ. ಶಿವಪ್ರಸಾದ ಗೌಡರ ಹಾಗೂ ಅಮೆರಿಕದ ಡಾ. ರಿಚರ್ಡ್ ಡರ್ಮನ್ ಅವರ ತಂಡ 2002ರಿಂದ 2005ರವರೆಗೆ ಈ ಸಿಸ್ಟರ್‌ಗಳ ಕೈಗೇ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟಿತು. 1620 ತಾಯಂದಿರಲ್ಲಿ ಅರ್ಧದಷ್ಟು ಮಂದಿಗೆ 600 ಮೈಕ್ರೋಗ್ರಾಂ ಔಷಧ, ಉಳಿದವರಿಗೆ ನೋಡಲು ಹಾಗೆಯೇ ಇರುವ ಔಷಧವಿಲ್ಲದ ಮಾತ್ರೆ. ರಕ್ತ ಅಳೆಯಲು ಬಾಣಂತಿಯ ಸೊಂಟದ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆಯೊಂದನ್ನು ಈ ಅಧ್ಯಯನಕ್ಕೆಂದೇ ರೂಪಿಸಿದರು: ಹಾಳೆಯ ತುದಿ ಆಲಿಕೆಯಂತೆ ಕಿರಿದಾಗಿ ಕೆಳಗಿಳಿದು ಚೀಲವಾಗುತ್ತದೆ, ಅದರ ಮೇಲೆ ಮಿಲಿಲೀಟರ್ ಗೆರೆಗಳು. ಕಣ್ಣಳತೆಯಲ್ಲಿ ಸುಮಾರು ಮೂರನೇ ಒಂದು ಪಾಲು ರಕ್ತ ಲೆಕ್ಕಕ್ಕೇ ಬರುತ್ತಿರಲಿಲ್ಲ ಎಂಬುದನ್ನು ಈ ಹಾಳೆ ತೋರಿಸಿಕೊಟ್ಟಿತು. 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಫಲಿತಾಂಶದಂತೆ, ರಕ್ತಸ್ರಾವ ಶೇ. 12ರಿಂದ 6.4ಕ್ಕೆ, ತೀವ್ರ ರಕ್ತಸ್ರಾವ ಶೇ. 1.2ರಿಂದ 0.2ಕ್ಕೆ ಇಳಿದಿತ್ತು. ನಡುಕ, ಜ್ವರ ಹೆಚ್ಚಿದವು, ಆದರೆ ತಾವಾಗಿಯೇ ಇಳಿದವು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಇಷ್ಟೇ ನೋಡಿದರೆ, ಒಳ್ಳೆಯ ಔಷಧವನ್ನು ಹಳ್ಳಿಗೆ ಮುಟ್ಟಿಸಿದರೆ ಆಯಿತು ಎನ್ನಿಸಬಹುದು. ಹಾಗಲ್ಲ ಎಂಬುದಕ್ಕೆ ಸ್ಟಿರಾಯ್ಡ್‌ನ ಕಥೆ ಸಾಕು. ಅವಧಿಗೆ ಮುನ್ನ ಹುಟ್ಟುವ ಮಗುವಿನ ಶ್ವಾಸಕೋಶ ಬಲಿಯಲೆಂದು ತಾಯಿಗೆ ಈ ಇಂಜೆಕ್ಷನ್ ಕೊಡಬಹುದೆಂದು ನ್ಯೂಜಿಲೆಂಡಿನ ಲಿಗ್ಗಿನ್ಸ್ ಮತ್ತು ಹೋವಿ 1972ರಲ್ಲೇ ತೋರಿಸಿದ್ದರು. ಆರು ದೇಶಗಳಲ್ಲಿ ಅದನ್ನು ಗ್ರಾಮ ಮಟ್ಟಕ್ಕೆ ಒಯ್ದ ಅಧ್ಯಯನದಲ್ಲಿ ಬೆಳಗಾವಿಯೂ ಇತ್ತು. 2015ರ ಅದರ ಫಲಿತಾಂಶ ಆಘಾತ ತಂದಿತು: ನವಜಾತ ಶಿಶುಗಳ ಸಾವು ಕಡಿಮೆಯಾಗುವ ಬದಲು ಸಾವಿರಕ್ಕೆ 23.9 ಇದ್ದಲ್ಲಿ 27.4 ಆಯಿತು, ತಾಯಂದಿರಲ್ಲಿ ಸೋಂಕಿನ ಶಂಕೆಯೂ ಹೆಚ್ಚಿತು. ಐದು ವರ್ಷಗಳ ನಂತರ ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ, ಸ್ಕ್ಯಾನ್ ಮಾಡಿ ತಿಂಗಳು ಖಚಿತಪಡಿಸಿಕೊಂಡು ಡೆಕ್ಸಾಮೆಥಸೋನ್ ಕೊಟ್ಟಾಗ ಶಿಶುಮರಣ ಶೇ. 23.5ರಿಂದ 19.6ಕ್ಕೆ ಇಳಿಯಿತು. ಬಸುರಿಗೆ ನಿಜಕ್ಕೂ ಎಷ್ಟು ವಾರ ತುಂಬಿದೆ, ಹುಟ್ಟಿದ ಮಗುವನ್ನು ನೋಡಿಕೊಳ್ಳಲು ಏನಿದೆ ಎಂಬುದರ ಮೇಲೆ ಔಷಧದ ಗುಣವೇ ಬದಲಾಗುತ್ತದೆ. ಹಳ್ಳಿಯಲ್ಲಿ ಪರೀಕ್ಷೆಯೇ ಆಗದೆ ಅದು ಸರ್ಕಾರಿ ಯೋಜನೆಯಾಗಿದ್ದರೆ ಆ ಸಾವುಗಳನ್ನು ಯಾರೂ ಎಣಿಸುತ್ತಿರಲಿಲ್ಲ.

ಬಾಗಲಕೋಟೆ ಜಿಲ್ಲೆಯೇ ಭಾಗಿಯಾದದ್ದು ಬಿಪಿಗೆ ಸಂಬಂಧಿಸಿದ 'ಕ್ಲಿಪ್' ಅಧ್ಯಯನದಲ್ಲಿ. 2014ರಲ್ಲಿ ಶುರುವಾಗಿ, ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳ 12 ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ ನಡೆಯಿತು. ಆಶಾ ಕಾರ್ಯಕರ್ತೆಯರು ಮತ್ತು ಸಿಸ್ಟರ್‌ಗಳು ಮನೆಗೇ ಹೋಗಿ ಬಿಪಿ ನೋಡುವುದು, ತೀರಾ ಏರಿದ್ದರೆ ಮಿಥೈಲ್‌ಡೋಪಾ ಮಾತ್ರೆ, ಫಿಟ್ಸ್ ಬರುವ ಅಪಾಯವಿದ್ದರೆ ಮೆಗ್ನೀಷಿಯಂ ಸಲ್ಫೇಟ್ ಇಂಜೆಕ್ಷನ್ ಕೊಟ್ಟು ಆಸ್ಪತ್ರೆಗೆ ಕಳಿಸುವುದು ಯೋಜನೆ. ಒಟ್ಟಾರೆ ಸಾವುನೋವು ಗಣನೀಯವಾಗಿ ಇಳಿಯಲಿಲ್ಲ. ಇದೇ ಅಧ್ಯಯನ ನಡೆದ ಮೂರು ದೇಶಗಳ ಲೆಕ್ಕ ಕೂಡಿಸಿದಾಗ ಎಂಟು ಅಥವಾ ಹೆಚ್ಚು ಭೇಟಿ ಸಿಕ್ಕ ತಾಯಂದಿರಲ್ಲಿ ಮಗು ಹೊಟ್ಟೆಯಲ್ಲೇ ಸಾಯುವುದು ಕಡಿಮೆ ಎಂದು ಕಂಡಿತು. ಅಷ್ಟು ಭೇಟಿ ಸಿಕ್ಕವರು ಮೊದಲೇ ಅನುಕೂಲಸ್ಥರಿರಬಹುದು, ಆದ್ದರಿಂದ ಇದನ್ನು ಎಚ್ಚರದಿಂದಲೇ ಓದಬೇಕು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ನಮ್ಮ ಕಡೆ, ಬಿಪಿ ಏರುವ ಕೊನೆಯ ತಿಂಗಳುಗಳಲ್ಲೇ ಹೆಣ್ಣುಮಗಳು ಬೇರೆ ಆಶಾಳ ವ್ಯಾಪ್ತಿಗೆ ಸೇರುತ್ತಾಳೆ ಎಂಬುದನ್ನೂ ಮರೆಯಬಾರದು.

ಬಡ ಹಳ್ಳಿಗರನ್ನು ಪ್ರಯೋಗದ ಇಲಿಗಳನ್ನಾಗಿ ಮಾಡಿದಂತಲ್ಲವೇ, ಮಿಸೊಪ್ರೊಸ್ಟಾಲ್ ಪರೀಕ್ಷೆಯಲ್ಲಿ ಅರ್ಧ ಜನಕ್ಕೆ ಔಷಧವಿಲ್ಲದ ಮಾತ್ರೆ ಕೊಟ್ಟದ್ದು ನ್ಯಾಯವೇ ಎಂದು ಕೇಳುವವರಿದ್ದಾರೆ. ಕೇಳಲೇಬೇಕಾದ ಪ್ರಶ್ನೆ. ಆಗ ಅಂಥ ಹೆರಿಗೆಗಳಲ್ಲಿ ರಕ್ತಸ್ರಾವ ತಡೆಯುವ ಔಷಧವೇ ಇರಲಿಲ್ಲವಾದ್ದರಿಂದ ಯಾರಿಗೂ ಸಿಗುತ್ತಿದ್ದುದು ತಪ್ಪಲಿಲ್ಲ ಎಂಬುದು ಉತ್ತರ. ಆ ಉತ್ತರ ಅಂದಿಗೆ ಮಾತ್ರ ಸಲ್ಲುತ್ತದೆ. ಈಚಿನ ಪರೀಕ್ಷೆಗಳು ಆ ದಾರಿ ಬಿಟ್ಟಿರುವುದು ಸಮಾಧಾನದ ಸಂಗತಿ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು 11,000 ಬಸುರಿಯರಲ್ಲಿ ದಿನಕ್ಕೆ 500 ಮಿ.ಗ್ರಾಂ. ಕ್ಯಾಲ್ಸಿಯಂ ಅನ್ನು 1500ರೊಂದಿಗೆ ಹೋಲಿಸಿದರು. ಬಿಪಿ ಏರಿ ಬರುವ ಗರ್ಭನಂಜು (ಪ್ರೀಎಕ್ಲಾಂಪ್ಸಿಯಾ) ತಡೆಯಲು ಕಡಿಮೆ ಪ್ರಮಾಣವೂ ಸಾಕೆಂದು 2024ರಲ್ಲಿ ವರದಿಯಾಯಿತು. ಎರಡೂ ಗುಂಪಿಗೆ ಔಷಧವಿತ್ತು. ಕರ್ನಾಟಕ ಮತ್ತು ರಾಜಸ್ಥಾನದ 4320 ರಕ್ತಹೀನ ಬಸುರಿಯರಿಗಾಗಿ ಯೋಜಿಸಿದ 'ರ‍್ಯಾಪಿಡ್ ಐರನ್' ಅಧ್ಯಯನವೂ ಕಬ್ಬಿಣದ ಮಾತ್ರೆಯನ್ನು ಒಂದೇ ಸಲದ ಡ್ರಿಪ್‌ನೊಂದಿಗೆ ಹೋಲಿಸಿತು. ಡ್ರಿಪ್ ಹಾಕಲು ಹಾಸಿಗೆ ಬೇಕು, ವೈದ್ಯರು ಬೇಕು, ಬಸುರಿಯ ಒಂದು ದಿನದ ಕೂಲಿ ಹೋಗುತ್ತದೆ. ಹಿಮೋಗ್ಲೋಬಿನ್ ಎಷ್ಟು ಏರಿತೆಂಬುದರ ಜೊತೆಗೇ ಈ ಖರ್ಚೂ ಫಲಿತಾಂಶದಲ್ಲಿ ಬರಬೇಕು.