ಕಟ್ಟುವವರೇ ಕಟ್ಟುವುದಿಲ್ಲ ಎಂದಾಗ

ನಮ್ಮ ಔಷಧಿ ಕೌಂಟರಿನ ಮುಂದೆ ಸಂಜೆ ಸಾಲು ನಿಲ್ಲುವವರಲ್ಲಿ ಕಟ್ಟಡ ಕೆಲಸದವರೇ ಹೆಚ್ಚು. ಸಿಮೆಂಟಿಗೆ ಬಿರುಕುಬಿಟ್ಟ ಅಂಗೈಗೆ ಮುಲಾಮು ಕೊಡುವಾಗೆಲ್ಲ ನಮಗೆ ಆಸ್ಟ್ರೇಲಿಯಾದ ಒಂದು ಹಳೆಯ ಸಂಗತಿ ನೆನಪಾಗುತ್ತದೆ.

ಸಿಡ್ನಿಯ ಹಂಟರ್ಸ್ ಹಿಲ್ ಬಡಾವಣೆಯಲ್ಲಿ, ನದಿಯ ದಡದಲ್ಲಿ, ಕೆಲ್ಲೀಸ್ ಬುಷ್ ಎಂಬ ಕುರುಚಲು ಕಾಡಿದೆ. ಸುಮಾರು 12 ಎಕರೆ, ಅಷ್ಟೇ. ಎ.ವಿ. ಜೆನ್ನಿಂಗ್ಸ್ ಕಂಪನಿ ಅಲ್ಲಿ ದುಬಾರಿ ಮನೆಗಳನ್ನು ಕಟ್ಟಲು ಹೊರಟಾಗ ಅದೇ ಬಡಾವಣೆಯ 13 ಹೆಂಗಸರು ಎದುರು ನಿಂತರು. ನಗರಸಭೆಯಿಂದ ಹಿಡಿದು ರಾಜ್ಯದ ಮುಖ್ಯಸ್ಥರವರೆಗೆ ಎಲ್ಲರ ಬಾಗಿಲು ತಟ್ಟಿ ಬರಿಗೈಯಲ್ಲಿ ಮರಳಿದರು. ಕೊನೆಗೆ 1971ರಲ್ಲಿ ಕಟ್ಟಡ ಕಾರ್ಮಿಕರ ಸಂಘಕ್ಕೆ ಹೋದರು. ಇವರು ಉಳ್ಳವರ ಮನೆಯವರು. ಸಂಘದ ಕಾರ್ಯದರ್ಶಿ ಜ್ಯಾಕ್ ಮಂಡೀ ಕಮ್ಯುನಿಸ್ಟ್!

ಸಂಘ ದುಡುಕಲಿಲ್ಲ. ಮೊದಲು ಊರವರ ಸಭೆ ಕರೆಯಿರಿ ಎಂದಿತು. 600 ಮಂದಿ ಸೇರಿದರು. ಆಮೇಲೆ ಕಾರ್ಮಿಕರು ಆ ಕೆಲಸಕ್ಕೆ ಬರುವುದಿಲ್ಲ ಎಂದರು. ಕಂಪನಿ ಹೊರಗಿನ ಆಳುಗಳನ್ನು ತರುತ್ತೇನೆ ಎಂದಾಗ, ಅದೇ ಕಂಪನಿಯ ಇನ್ನೊಂದು ಕಟ್ಟಡದಲ್ಲಿದ್ದವರು, ಅಲ್ಲಿ ಒಂದು ಮರ ಬಿದ್ದರೂ ಈ ಕಟ್ಟಡ ಅರ್ಧಕ್ಕೇ ನಿಲ್ಲುತ್ತದೆ ಎಂದು ಎಚ್ಚರಿಸಿದರು.

ಕೆಲಸ ಬೇಡ ಎನ್ನುವುದು ಎಷ್ಟು ಭಾರದ ಮಾತೆಂದು ತಿಂಗಳು ತಿಂಗಳು ಊರಿಗೆ ಹಣ ಕಳಿಸುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಲ್ಲಿಯ ಕಾನೂನು ಬೇರೆ, ಆ ಮಾತು ಇರಲಿ.

‘ಗ್ರೀನ್ ಬ್ಯಾನ್’ ಎಂದು ಮುಂದೆ ಹೆಸರಾದ ಹೋರಾಟಗಳಲ್ಲಿ ಇದೇ ಮೊದಲನೆಯದು. 1975ರಲ್ಲಿ ಸಂಘದ ರಾಷ್ಟ್ರೀಯ ನಾಯಕರೇ ಮಂಡೀ ಮತ್ತು ಜೊತೆಗಾರರನ್ನು ಹೊರಹಾಕಿದರು. ಕಾಡು ಮಾತ್ರ ಉಳಿಯಿತು. 1983ರಲ್ಲಿ ಸರ್ಕಾರ ಅದನ್ನು ಸಾರ್ವಜನಿಕರಿಗೇ ಬಿಟ್ಟುಕೊಟ್ಟಿತು.