ಕೊಡಗಿನ ಮನೆಹೆಸರುಗಳು

ನಮ್ಮಲ್ಲಿ ಮನುಷ್ಯನ ಹೆಸರಿನ ಹಿಂದೆಯೋ ಮುಂದೆಯೋ ಮತ್ತೊಂದು ಹೆಸರು ನಿಂತಿರುತ್ತದೆ. ಒಂದನ್ನು ತಂದೆತಾಯಿಗಳು ತೊಟ್ಟಿಲಲ್ಲಿ ಇಡುತ್ತಾರೆ. ಇನ್ನೊಂದು ಅವನು ಹುಟ್ಟುವುದಕ್ಕೆ ಮೊದಲೇ ಅವನಿಗಾಗಿ ಕಾದಿರುತ್ತದೆ. ಹಳೆಯ ಮೈಸೂರಿನ ಕಡೆ ಈ ಎರಡನೆಯದು ಸಾಮಾನ್ಯವಾಗಿ ಊರಿನ ಅಥವಾ ತಂದೆಯ ಹೆಸರು. ಉತ್ತರ ಕರ್ನಾಟಕದಲ್ಲಿ ಅದು ಕಸುಬನ್ನೋ ಹುದ್ದೆಯನ್ನೋ ಊರನ್ನೋ ಸೂಚಿಸುವ ಅಡ್ಡಹೆಸರು. ಕೊಡಗಿನಲ್ಲಿ ಅದು ಮನೆಯ ಹೆಸರು. ಕೊಡವರು ತಮ್ಮ ಮಾತಿನಲ್ಲಿ ಅದನ್ನು ‘ಮನೆಪೆದ’ ಎಂದು ಕರೆಯುತ್ತಾರೆ.

ಪಾಂಡಂಡ, ಮಾಚಂಡ, ನಡಿಕೇರಿಯಂಡ, ಬೋವೇರಿಯಂಡ. ಕೊಡಂದೇರ, ಮೊಳ್ಳೇರ, ಚೆಪ್ಪುಡೀರ: ಈ ಹೆಸರುಗಳನ್ನು ಒಂದರ ಮುಂದೆ ಒಂದಾಗಿ ಉಚ್ಚರಿಸಿದರೆ ಅವುಗಳ ಕೊನೆಯ ಧ್ವನಿಯ ಹೋಲಿಕೆ ಯಾರ ಕಿವಿಗೂ ಹೊಳೆಯುತ್ತದೆ. ಕೆಲವು ‘ಅಂಡ’ ಎಂದು ಮುಗಿಯುತ್ತವೆ, ಕೆಲವು ‘ಈರ’, ‘ಏರ’ ಎಂದು. ಇದು ಅಲಂಕಾರವಲ್ಲ, ವ್ಯಾಕರಣ. ಕೊಡವ ತಕ್ಕಿನಲ್ಲಿ ‘ನಂಗಡ’ ಎಂದರೆ ನಮ್ಮ, ‘ಕೊಡಗ್‌ರ’ ಎಂದರೆ ಕೊಡಗಿನ. ಆ ‘ಡ’ಕಾರ, ‘ರ’ಕಾರಗಳು ಷಷ್ಠೀ ವಿಭಕ್ತಿಯ ಗುರುತುಗಳು. ಅಂದರೆ ಕೊಡಗಿನ ಮನೆಹೆಸರು ತನ್ನಷ್ಟಕ್ಕೆ ಪೂರ್ಣವಾದ ನಾಮಪದವಲ್ಲ. ‘ಇಂಥವನ’, ‘ಇಂಥವರ’ ಎಂದು ಹೇಳಿ ನಿಲ್ಲುವ ಮಾತು. ಕೇಳಿದವನು ಮುಂದಿನ ಪದವನ್ನು ತಾನೇ ಸೇರಿಸಿಕೊಳ್ಳಬೇಕು. ಆ ಪದ ‘ಮನೆ’, ‘ಒಕ್ಕ’. ಕೊಡಗಿನಲ್ಲಿ ಹೊಸಬರನ್ನು ಕಂಡಾಗ ಹಿರಿಯರು ಮೊದಲು ಕೇಳುವುದು ‘ನೀವು ಯಾರ ಮನೆಯವರು?’ ಎಂದು. ಆ ಪ್ರಶ್ನೆಯಲ್ಲಿಯೂ ಷಷ್ಠಿಯೇ ಇದೆ, ಉತ್ತರದಲ್ಲಿಯೂ ಷಷ್ಠಿಯೇ ಇದೆ.

ಹೆಸರನ್ನು ಹೀಗೆ ವಿಭಕ್ತಿಯಲ್ಲಿ ನಿಲ್ಲಿಸುವ ಪದ್ಧತಿ ಕೊಡಗಿಗೆ ಮಾತ್ರ ಸೇರಿದ್ದಲ್ಲ. ದೂರದ ಗ್ರೀಕರಲ್ಲಿಯೂ ಅದು ಉಂಟು. ಅವರ ಕುಲನಾಮಗಳ ಕೊನೆಯನ್ನು ನೋಡಿ ಅವು ಯಾವ ಸೀಮೆಯವು ಎಂದು ಬಹುಮಟ್ಟಿಗೆ ಊಹಿಸಬಹುದು: ‘ಆಕಿಸ್’ ಎಂದರೆ ಕ್ರೀಟ್ ದ್ವೀಪ, ‘ಪುಲೋಸ್’ ಎಂದರೆ ಪೆಲೊಪೊನೀಸ್, ‘ಇದಿಸ್’ ಎಂದರೆ ಹೆಚ್ಚಾಗಿ ಕಪ್ಪು ಸಮುದ್ರದ ದಂಡೆಯ ಪೊಂಟಸ್. 1923ರಲ್ಲಿ ಗ್ರೀಸ್ ಮತ್ತು ತುರ್ಕಿಗಳು ಜನರನ್ನೇ ವಿನಿಮಯ ಮಾಡಿಕೊಂಡಾಗ ಲಕ್ಷಾಂತರ ಗ್ರೀಕರು ಊರುಮನೆಗಳನ್ನು ಬಿಟ್ಟು ಬಂದರು. ಬಿಟ್ಟ ಸೀಮೆಯ ಗುರುತು ಅವರ ಹೆಸರಿನ ಬಾಲದಲ್ಲಿ ಉಳಿಯಿತು. ಸೈಪ್ರಸ್ ದ್ವೀಪದ ಗ್ರೀಕರಲ್ಲಂತೂ ತಂದೆಯ ಅಥವಾ ಅಜ್ಜನ ಹೆಸರನ್ನು ಷಷ್ಠಿಯಲ್ಲಿ ಇಟ್ಟುಕೊಳ್ಳುವುದು ಬಹಳ ರೂಢಿ. ‘ನಿಕೊಲಾವು’ ಎಂದರೆ ನಿಕೊಲಾವೊಸನ ಎಂದರ್ಥ. ಯಾರು, ಏನು ಎಂಬುದು ಅಲ್ಲಿಯೂ ಅಧ್ಯಾಹಾರ.

ಆ ಸೈಪ್ರಸ್ಸಿಗೂ ಕೊಡಗಿಗೂ ಒಂದು ಸಂಬಂಧವಿದೆ. ಭಾರತದ ಭೂಸೇನೆಯ ಮುಖ್ಯಸ್ಥರಾಗಿ 1961ರಲ್ಲಿ ನಿವೃತ್ತರಾದ ಜನರಲ್ ತಿಮ್ಮಯ್ಯನವರು 1964ರಲ್ಲಿ ಅಲ್ಲಿನ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿ ಹೋದರು. ಗ್ರೀಕರೂ ತುರ್ಕರೂ ಬಡಿದಾಡುತ್ತಿದ್ದ ಕಾಲ ಅದು. 1965ರ ಡಿಸೆಂಬರ್ 18ರಂದು ಅವರು ಅಲ್ಲಿಯೇ ತೀರಿಕೊಂಡರು. ಸೈಪ್ರಸ್ ಸರ್ಕಾರ ಮರುವರ್ಷ ಅವರ ಸ್ಮರಣೆಗೆ ಅಂಚೆಚೀಟಿ ತಂದಿತು. ಲಾರ್ನಕಾ ಪಟ್ಟಣದ ಒಂದು ರಸ್ತೆಗೆ ಅವರ ಹೆಸರನ್ನು ಇಟ್ಟಿದ್ದಾರೆ. ಗ್ರೀಕ್ ಪದ್ಧತಿಯಂತೆ ಅದು ಷಷ್ಠಿಯಲ್ಲಿಯೇ ಇದೆ: ಜನರಲ್ ತಿಮ್ಮಯ್ಯನ ರಸ್ತೆ. ಆದರೆ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಎಂಬ ಪೂರ್ಣ ನಾಮದಲ್ಲಿ ಮೊದಲಿನ ‘ಕೊಡಂದೇರ’ ಆ ರಸ್ತೆಯವರೆಗೆ ಹೋಗಲಿಲ್ಲ. ಅವರು ಹುಟ್ಟಿದ ಮನೆತನವನ್ನು ಹೇಳುವ ಪದವೇ ದಾರಿಯಲ್ಲಿ ಉದುರಿಹೋಯಿತು. ಅದು ಹೇಗೆ ಎಂಬುದನ್ನು ಮುಂದೆ ನೋಡೋಣ.

ಮೊದಲು ಆ ಪದದ ಹಿಂದಿರುವ ಮನೆಯ ಒಳಗೆ ಹೋಗಿಬರಬೇಕು. ಒಕ್ಕ ಎಂದರೆ ಒಬ್ಬ ಮೂಲಪುರುಷನಿಂದ ಗಂಡುಸಂತತಿಯ ಮೂಲಕ ಇಳಿದು ಬಂದವರೆಲ್ಲರ ಕೂಟ. ಆ ಮೂಲಪುರುಷ ‘ಕಾರಣವ’. ಅವನ ನೆನಪಿಗೆ ಮನೆಯ ಸಮೀಪದಲ್ಲಿ ‘ಕೈಮಡ’ ಎಂಬ ಚಿಕ್ಕ ಗುಡಿ. ವರ್ಷಕ್ಕೊಮ್ಮೆ ಅವನಿಗೆ ಎಡೆ. ಒಕ್ಕದ ಮೂಲಮನೆ ‘ಐನ್‌ಮನೆ’. ಅದರ ನಡುಮನೆಯಲ್ಲಿ, ‘ನೆಲ್ಲಕ್ಕಿ ನಡುಬಾಡೆ’ಯಲ್ಲಿ, ತೂಗುವ ದೀಪ. ಒಕ್ಕದ ಗಂಡಸರಲ್ಲಿ ಹಿರಿಯನಾದವನು ಪಟ್ಟೆದಾರ. ಒಕ್ಕದೊಳಗೆ ಮದುವೆಯಿಲ್ಲ. ಪುತ್ತರಿಯ ರಾತ್ರಿ ಕದಿರು ತೆಗೆಯುವುದಕ್ಕೆ ಎಲ್ಲರೂ ಆ ದೀಪದ ಮುಂದೆ ಸೇರಬೇಕು. ಎಂ. ಎನ್. ಶ್ರೀನಿವಾಸರು 1952ರಲ್ಲಿ ಪ್ರಕಟಿಸಿದ ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ಗ್ರಂಥದಲ್ಲಿ ಈ ಒಕ್ಕವನ್ನೇ ಆ ಸಮಾಜದ ತಿರುಳೆಂದು ಕಂಡರು. ಒಕ್ಕದ ಮೂಲಕವೇ ಒಬ್ಬ ಊರಿನವನಾಗುತ್ತಾನೆ, ನಾಡಿನವನಾಗುತ್ತಾನೆ.

ಭೂಮಿಯೂ ಈ ಹೆಸರಿಗೆ ಕಟ್ಟಿಕೊಂಡಿತ್ತು. ಜಮ್ಮ ಎಂಬ ಹಿಡುವಳಿ ಒಬ್ಬನದಲ್ಲ, ಒಕ್ಕದ್ದು. ಪಟ್ಟೆದಾರನ ಹೆಸರಿನಲ್ಲಿ ಬರೆದಿದ್ದರೂ ಅನುಭೋಗ ಎಲ್ಲರದು. ಹೀಗೆ ವ್ಯಕ್ತಿ, ಮನೆ, ಗದ್ದೆ, ಗುಡಿ, ಊರು ಇಷ್ಟನ್ನೂ ಒಂದೇ ಪದ ಹಿಡಿದಿಟ್ಟುಕೊಂಡಿತು. ಇದರಿಂದ ಮತ್ತೊಂದು ಅನುಕೂಲವಾಯಿತು. ಗ್ರೀಕ್ ಕುಲನಾಮ ಸೀಮೆಯನ್ನು ಮಾತ್ರ ತಿಳಿಸಿದರೆ ಕೊಡಗಿನ ಮನೆಹೆಸರು, ಬಲ್ಲವರಿಗೆ, ಇಂಥ ನಾಡು, ಇಂಥ ಊರು, ಇಂಥ ಗದ್ದೆಯ ಬದಿಯ ಮನೆ ಎಂದು ಬೆರಳು ಮಾಡಿ ತೋರಿಸುತ್ತದೆ. ಕೊಡವ ಒಕ್ಕಗಳು ಮಡಿಕೇರಿ, ವಿರಾಜಪೇಟೆ, ಪೊನ್ನಂಪೇಟೆಗಳ ಕಡೆ ದಟ್ಟವಾಗಿ, ಉತ್ತರದ ಸೋಮವಾರಪೇಟೆಯ ಕಡೆ ವಿರಳವಾಗಿ ಹರಡಿರುವುದನ್ನು ಈ ಹೆಸರುಗಳ ಪಟ್ಟಿಯಿಂದಲೇ ಅರಿಯಬಹುದು.

ಇಷ್ಟು ಹೊರೆ ಹೊತ್ತ ಹೆಸರು ಅಳಿಯುವುದೆಂದರೆ ಸಾಮಾನ್ಯ ಸಂಗತಿಯಾಗಿರಲಿಲ್ಲ. ಹೆಸರು ಅಳಿದರೆ ಕಾರಣವನಿಗೆ ಎಡೆಯಿಡುವವರಿಲ್ಲ, ದೀಪಕ್ಕೆ ಎಣ್ಣೆಯಿಲ್ಲ. ಮದುವೆಯಲ್ಲಿ ಹೆಣ್ಣು ಗಂಡನ ಒಕ್ಕಕ್ಕೆ ಸೇರುವುದು ನಿಯಮ. ಎರಡೂ ಕಡೆಯ ‘ಅರುವ’ರು ಎದುರುಬದುರು ನಿಂತು ಪ್ರಶ್ನೋತ್ತರ ನಡೆಸಿ, ಸಣ್ಣ ಕಲ್ಲುಗಳನ್ನು ಕೈಯಿಂದ ಕೈಗೆ ಕೊಟ್ಟು, ಅವಳ ಹಕ್ಕನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ವರ್ಗಾಯಿಸುತ್ತಾರೆ. ಈ ವಿಧಿಗೆ ‘ಸಮ್ಮಂಧ ಕೊಡ್‌ಪ’ ಎಂದು ಹೆಸರು. ಆದರೆ ಗಂಡುಮಕ್ಕಳಿಲ್ಲದೆ ಒಕ್ಕ ನಿಂತುಹೋಗುವ ಭಯವಿದ್ದಾಗ ಸಮಾಜ ತನ್ನ ನಿಯಮವನ್ನು ತಾನೇ ತಿರುಗಿಸಿತು. ‘ಒಕ್ಕಪರಿಜೆ’ ಎಂಬ ಮದುವೆಯಲ್ಲಿ ಅಳಿಯನೇ ಹೆಣ್ಣಿನ ಒಕ್ಕಕ್ಕೆ ಬಂದು ಅದರವನಾಗುತ್ತಾನೆ. ‘ಮಕ್ಕಪರಿಜೆ’ಯಲ್ಲಿ ಅವನು ತನ್ನ ಒಕ್ಕವನ್ನು ಉಳಿಸಿಕೊಳ್ಳುತ್ತಾನೆ, ಹುಟ್ಟಿದ ಮಕ್ಕಳು ಮಾತ್ರ ತಾಯಿಯ ಒಕ್ಕದವರಾಗುತ್ತಾರೆ. ಗಂಡುಸಂತತಿಯನ್ನೇ ನಂಬಿದ ವ್ಯವಸ್ಥೆ ಹೆಸರಿನ ಉಳಿವಿಗಾಗಿ ಮಗಳ ಮುಂದೆ ಬಂದು ನಿಂತಿತು. ಹೆಸರಿನ ಬೆಲೆ ಎಷ್ಟೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಬೇರೆ ಯಾವುದೂ ಹೇಳಲಾರದು.

ರಕ್ತಪಾತದ ದಿನಗಳಲ್ಲಿಯೂ ಈ ಹೆಸರುಗಳು ಹಟದಿಂದ ಉಳಿದವು. 1780ರ ದಶಕದಲ್ಲಿ ಟಿಪ್ಪುವಿನ ಸೇನೆ ಕೊಡಗಿನ ಅನೇಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಿತು. ಅಲ್ಲಿ ಮತಾಂತರಗೊಂಡವರಲ್ಲಿ ಹಲವರು ಮುಂದೆ ತಪ್ಪಿಸಿಕೊಂಡು ಊರಿಗೆ ಬಂದರು. ಹಳೆಯ ಧರ್ಮಕ್ಕೆ ಮರಳುವ ಬಾಗಿಲು ಅವರಿಗೆ ತೆರೆಯಲಿಲ್ಲ; ಮಲಬಾರಿನ ಮಾಪಿಳ್ಳೆಗಳೊಡನೆ ಸಂಬಂಧ ಬೆಳೆಸಿ, ವಿರಾಜಪೇಟೆಯ ಸುತ್ತಿನಲ್ಲಿ ನೆಲೆನಿಂತರು. ಕೊಡವ ಮಾಪಿಳ್ಳೆಗಳೆಂದು ಕರೆಯುವ ಈ ಜನರಲ್ಲಿ ಆಲೀರ, ಚೀರಂಡ, ದುದ್ದಿಯಂಡ ಮೊದಲಾದ ಮನೆಹೆಸರುಗಳು ಇಂದಿಗೂ ಇವೆ. ದೇವರು ಬದಲಾದ, ಮದುವೆಯ ಕ್ರಮ ಬದಲಾಯಿತು, ‘ಯಾರ ಮನೆಯವರು?’ ಎಂಬ ಪ್ರಶ್ನೆಗೆ ಕೊಡುವ ಉತ್ತರ ಮಾತ್ರ ಅದೇ ಷಷ್ಠಿಯಲ್ಲಿ ಉಳಿಯಿತು.

ಕೊಡವರ ನೆರೆಯ ಅರೆಭಾಷೆ ಗೌಡರಲ್ಲಿಯೂ ಮನೆಹೆಸರಿಗೆ ಇಂಥದೇ ಗೌರವ. 1834ರಲ್ಲಿ ಇಂಗ್ಲಿಷರು ಕೊಡಗನ್ನು ವಶಪಡಿಸಿಕೊಂಡು ಅಮರ ಸುಳ್ಯ, ಪುತ್ತೂರುಗಳ ಸೀಮೆಯನ್ನು ದಕ್ಷಿಣ ಕನ್ನಡಕ್ಕೆ ಸೇರಿಸಿದರು. 1837ರಲ್ಲಿ ಅಲ್ಲಿಂದಲೇ ಬಂಡಾಯ ಎದ್ದಿತು. ಅದರ ನಾಯಕರನ್ನು ಚರಿತ್ರೆ ಕೆದಂಬಾಡಿ ರಾಮಯ್ಯಗೌಡ, ಗುಡ್ಡೆಮನೆ ಅಪ್ಪಯ್ಯಗೌಡ ಎಂದೇ ನೆನೆಯುತ್ತದೆ. ಅಪ್ಪಯ್ಯಗೌಡನನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು. ಗಲ್ಲಿಗೇರಿದವನ ಹೆಸರಿನ ಜೊತೆಗೆ ಅವನ ಮನೆಯೂ ಚರಿತ್ರೆಯಲ್ಲಿ ಉಳಿಯಿತು.

ಹಾಗಾದರೆ ತಿಮ್ಮಯ್ಯನವರ ‘ಕೊಡಂದೇರ’ ಎಲ್ಲಿ ಹೋಯಿತು? ಅದು ಒಂದು ಇಂಗ್ಲಿಷ್ ಅಕ್ಷರದೊಳಗೆ ಅಡಗಿತು. ಬ್ರಿಟಿಷರ ಆಡಳಿತದಲ್ಲಿ ಶಾಲೆಯ ದಾಖಲೆ, ಕಚೇರಿಯ ಪಟ್ಟಿ, ಸೈನ್ಯದ ಯಾದಿಗಳಲ್ಲಿ ಮೊದಲಕ್ಷರಗಳನ್ನು ಬರೆಯುವ ಪದ್ಧತಿ ಬಂದಿತು. ಮನೆಹೆಸರು ಒಂದಕ್ಷರ, ತಂದೆಯ ಹೆಸರು ಒಂದಕ್ಷರ, ಆಮೇಲೆ ಸ್ವಂತ ಹೆಸರು. 1949ರ ಜನವರಿ 15ರಂದು ಸೇನೆಯ ಪ್ರಥಮ ಭಾರತೀಯ ದಂಡನಾಯಕರಾದ ಕಾರ್ಯಪ್ಪನವರು ನಾಡಿಗೆಲ್ಲ ಕೆ. ಎಂ. ಕಾರ್ಯಪ್ಪ, ತಿಮ್ಮಯ್ಯನವರು ಕೆ. ಎಸ್. ತಿಮ್ಮಯ್ಯ. ಆ ಎರಡು ‘ಕೆ’ಗಳೂ ಒಂದೇ, ಇಬ್ಬರೂ ಕೊಡಂದೇರ ಒಕ್ಕದವರೇ ಎಂಬುದು ಕೊಡಗಿನ ಹೊರಗೆ ಎಷ್ಟು ಮಂದಿಗೆ ಗೊತ್ತು? ಹಾಕಿ ಆಟಗಾರರಲ್ಲಿಯೂ ಹಾಗೆಯೇ. ಎಂ. ಪಿ. ಗಣೇಶರ ‘ಎಂ’ ಮೊಳ್ಳೇರ. 1980ರ ಮಾಸ್ಕೋ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ತಂಡದ ಎಂ. ಎಂ. ಸೋಮಯ್ಯನವರ ಮೊದಲ ‘ಎಂ’ ಮನೆಯಪಂಡ. ಗ್ರೀಕರು ಅಮೆರಿಕೆಗೆ ಹೋಗಿ ಪಾಪಡೊಪುಲೋಸ್ ಎಂಬ ಉದ್ದ ಹೆಸರನ್ನು ಪಾಪಸ್ ಎಂದು ಮೊಟಕು ಮಾಡಿಕೊಂಡರಲ್ಲ, ನಮ್ಮವರು ಮನೆಯಲ್ಲಿದ್ದುಕೊಂಡೇ ಅದಕ್ಕಿಂತ ಹೆಚ್ಚು ಮೊಟಕು ಮಾಡಿದರು. ಮುಂದೆ ಮಕ್ಕಳು ಪರದೇಶಗಳಿಗೆ ಹೋದಾಗ ಅಲ್ಲಿನವರು ಕೊನೆಯ ಪದವನ್ನೇ ಕುಲನಾಮವೆಂದು ತಿಳಿದರು. ಅಜ್ಜನ ಸ್ವಂತ ಹೆಸರು ಮೊಮ್ಮಕ್ಕಳ ಕುಲನಾಮವಾಯಿತು. ನಿಜವಾದ ಕುಲನಾಮ ಕಾಣದಾಯಿತು.

ಆದರೆ ಹೆಸರು ಕಾಣದಾಗಿದ್ದಿತೇ ಹೊರತು ಸತ್ತಿರಲಿಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ವಿರಾಜಪೇಟೆಯ ಸಮೀಪದ ಕರಡದಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿಯನ್ನು ಆರಂಭಿಸಿದರು. ನಿಯಮ ಸರಳ: ತಂಡವೆಂದರೆ ಒಕ್ಕ. ಊರಿನ ತಂಡವಿಲ್ಲ, ಸಂಘದ ತಂಡವಿಲ್ಲ. ಅಜ್ಜನೂ ಮೊಮ್ಮಗನೂ, ಹೆಣ್ಣುಮಕ್ಕಳೂ ಒಂದೇ ತಂಡದಲ್ಲಿ ಆಡಿದ್ದುಂಟು. ಮೊದಲ ವರ್ಷ ಸೇರಿದ ತಂಡಗಳು 60. ಪ್ರತಿ ವರ್ಷವೂ ಒಂದೊಂದು ಒಕ್ಕ ಆತಿಥ್ಯ ವಹಿಸುತ್ತ ಬಂದು, 2024ರಲ್ಲಿ ಕುಂಡ್ಯೋಳಂಡ ಒಕ್ಕದವರು ನಾಪೋಕ್ಲುವಿನಲ್ಲಿ ನಡೆಸಿದಾಗ ತಂಡಗಳ ಸಂಖ್ಯೆ 360 ಆಗಿತ್ತು. ಬೆಂಗಳೂರಿನಿಂದ, ಮೈಸೂರಿನಿಂದ, ಸೇನಾಶಿಬಿರಗಳಿಂದ, ಪರದೇಶಗಳಿಂದ ಬಂದವರು ತಮ್ಮ ಮನೆಹೆಸರನ್ನು ಅಂಗಿಯ ಮೇಲೆ ಅಚ್ಚುಹಾಕಿಸಿಕೊಂಡು ಮೈದಾನಕ್ಕೆ ಇಳಿದರು. ಒಂದಕ್ಷರವಾಗಿ ಕುಗ್ಗಿದ್ದ ಹೆಸರು ಮತ್ತೆ ಪೂರ್ತಿ ಬಿಚ್ಚಿಕೊಂಡಿತು.

ಇದು ಸಂತೋಷದ ಸಂಗತಿ. ಆದರೆ ಇದರ ಬಗಲಲ್ಲಿಯೇ ಒಂದು ಕಳವಳವೂ ಉಂಟು. ಹೆಸರು ಷಷ್ಠೀ ವಿಭಕ್ತಿಯಲ್ಲಿದೆ ಎಂದೆವು. ಅದರ ಮುಂದೆ ಇರಬೇಕಾದ ‘ಮನೆ’ ಎಲ್ಲಿದೆ? ಎಷ್ಟೋ ಐನ್‌ಮನೆಗಳಲ್ಲಿ ಈಗ ಕಾಯಂ ವಾಸವಿರುವವರು ಒಬ್ಬಿಬ್ಬರು ವೃದ್ಧರು, ಕೆಲವಕ್ಕೆ ಬೀಗ, ಕೆಲವು ಕುಸಿದುಬಿದ್ದು ಬರಿಯ ತಳಹದಿ ಉಳಿದಿದೆ. ನಡಿಕೇರಿಯಂಡ ಚಿಣ್ಣಪ್ಪನವರು ಹಾಡುಗಳನ್ನೂ ಪದ್ಧತಿಗಳನ್ನೂ ಕಲೆಹಾಕಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಪ್ರಕಟಿಸಿದಾಗ ಮನೆಗಳು ತುಂಬಿದ್ದವು, ಹಾಡು ಮರೆತುಹೋಗುವ ಭಯವಿತ್ತು. ಅವರ ಮೊಮ್ಮಕ್ಕಳಾದ ಬೋವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಆ ಗ್ರಂಥವನ್ನು ಇಂಗ್ಲಿಷಿಗೆ ತಂದರು. ಆಮೇಲೆ ಊರೂರು ಅಲೆದು ಐನ್‌ಮನೆಗಳನ್ನೇ ದಾಖಲಿಸುವ ಕೆಲಸಕ್ಕೆ ಕೈಹಾಕಿದರು. ಅಜ್ಜ ಹಾಡನ್ನು ಬರೆದಿಟ್ಟರು, ಮೊಮ್ಮಕ್ಕಳು ಮನೆಯನ್ನು ಬರೆದಿಡಬೇಕಾಯಿತು. ಒಂದು ಶತಮಾನದೊಳಗೆ ಕಳವಳದ ವಿಷಯವೇ ಬದಲಾಯಿತು.

ಒಕ್ಕ ಅಳಿಯಬಾರದೆಂದು ಹಿರಿಯರು ಮದುವೆಯ ಕಟ್ಟಳೆಯನ್ನೇ ತಿರುಗಿಸಿದ್ದರು. ಅವರ ಕಣ್ಣಿನಲ್ಲಿ ಹೆಸರು ಉಳಿಯುವುದೆಂದರೆ ಅದನ್ನು ಬರೆದುಕೊಳ್ಳುವುದಲ್ಲ, ಆ ಹೆಸರಿನ ದೀಪವನ್ನು ಯಾರಾದರೂ ಹಚ್ಚುವುದು. ಈಗ ಹೆಸರು ಹೊತ್ತವರು ಸಾವಿರಾರು ಮೈಲಿ ದೂರದಲ್ಲಿದ್ದಾರೆ. ದೀಪ ಹಚ್ಚುವವರು ವಿರಳವಾಗಿದ್ದಾರೆ. ಮೈದಾನದಲ್ಲಿ ಒಂದಾದವರು ಪುತ್ತರಿಗೂ ಒಂದಾಗಿ ಐನ್‌ಮನೆಯ ಹೊಸ್ತಿಲು ದಾಟಿದರೆ ಆ ಷಷ್ಠಿಗೆ ಅರ್ಥವಿರುತ್ತದೆ. ಕೆಲವು ಒಕ್ಕದವರು ಕೂಡಿ ಹಣ ಹಾಕಿ ಹಳೆಯ ಮನೆಗೆ ಹೊಸ ಹೆಂಚು ಹೊದಿಸಿದ್ದಾರೆ. ವರ್ಷಕ್ಕೆ ಮೂರು ದಿನವಾದರೂ ಅಲ್ಲಿ ಹೊಗೆಯೇಳುತ್ತದೆ. ಅಂಥ ಮನೆಯ ಮಗು ದೂರದೂರಿನ ಶಾಲೆಯಲ್ಲಿ ತನ್ನ ಪೂರ್ತಿ ಹೆಸರನ್ನು ಹೇಳಿದಾಗ, ಜೊತೆಯ ಮಕ್ಕಳು ‘ಹಾಗೆಂದರೇನು?’ ಎಂದು ಕೇಳಿದರೆ, ಅದು ತಾನು ಕಂಡ ಒಂದು ಅಂಗಳವನ್ನೂ ಒಂದು ದೀಪವನ್ನೂ ನೆನೆದು ಉತ್ತರ ಕೊಡಬಲ್ಲುದು.